ಹಲ್ಲುನೋವಿನ ಖರ್ಚು ಯಾರ ಲೆಕ್ಕಕ್ಕೆ?

ಮಾನ್ಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೋರಿದ್ದೀರಿ, ಹಾಕಿಲ್ಲ. ನಿಮ್ಮ ನಾಲ್ಕು ಪುಟಗಳ ಪತ್ರದ ಸಾರವನ್ನು ಮಾತ್ರ ಉಳಿದ ಓದುಗರಿಗಾಗಿ ಹೇಳಿಬಿಡುತ್ತೇನೆ. ಆಟಿಸಂ ಇರುವ ಮಗುವಿನ ಖರ್ಚೆಂದರೆ ಥೆರಪಿಯ ಶುಲ್ಕ ಎಂಬಂತೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಏಳು ವರ್ಷದ ನಿಮ್ಮ ಮಗನ ಫೈಲಿನಲ್ಲಾದರೋ ಮಕ್ಕಳ ವೈದ್ಯರು, ನರರೋಗ ತಜ್ಞರು, ದಂತವೈದ್ಯರ ಚೀಟಿಗಳೇ ಹೆಚ್ಚು. ‘ಆಟಿಸಂಗೆ ಇಷ್ಟೊಂದು ಡಾಕ್ಟರುಗಳು ಯಾಕೆ?’ ಎಂದು ನೆಂಟರು ಮೂಗು ಮುರಿಯುತ್ತಾರೆ. ಯಾವ ಖರ್ಚನ್ನು ಬಿಡಬಹುದು ಎಂದು ನೀವು ನಮ್ಮನ್ನು ಕೇಳಿದ್ದೀರಿ.

ತಪ್ಪು ನಮ್ಮದೇ. ಆ ಲೇಖನವನ್ನು ತಿದ್ದಿ ಅಚ್ಚಿಗೆ ಕಳುಹಿಸಿದವನು ನಾನು.

ನಿಮ್ಮ ಫೈಲು ದಪ್ಪಗಿರುವುದರಲ್ಲಿ ಆಶ್ಚರ್ಯವಿಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ದೊಡ್ಡ ಆರೋಗ್ಯ ಸಂಸ್ಥೆಯ ದಾಖಲೆಗಳನ್ನು ಆಧರಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಟಿಸಂ ಇರುವ ಮಕ್ಕಳ ವಾರ್ಷಿಕ ವೈದ್ಯಕೀಯ ವೆಚ್ಚ ಉಳಿದ ಮಕ್ಕಳದಕ್ಕಿಂತ ಮೂರು ಪಟ್ಟು ಹೆಚ್ಚಿತ್ತು. ಆಟಿಸಂನ ಮೂಲ ಲಕ್ಷಣಗಳಿಗೆ, ಅಂದರೆ ಮಾತು-ಒಡನಾಟದ ತೊಡಕಿಗೆ, ಮಾಡಿದ್ದನ್ನೇ ಮಾಡುವ ವರ್ತನೆಗೆ, ಮಾತ್ರೆಯೇ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2006ರಲ್ಲಿ ರಿಸ್ಪೆರಿಡೋನ್‌ಗೆ, 2009ರಲ್ಲಿ ಅರಿಪಿಪ್ರಜೋಲ್‌ಗೆ ಒಪ್ಪಿಗೆ ಕೊಟ್ಟದ್ದು ವಿಪರೀತ ಸಿಡುಕು, ರಂಪಾಟವನ್ನು ತಗ್ಗಿಸುವುದಕ್ಕಷ್ಟೇ. ಹಾಗಿದ್ದರೆ ಹಣ ಹೋಗುವುದೆಲ್ಲಿ? ಜೊತೆಗೂಡಿ ಬರುವವುಗಳ ಕಡೆಗೆ: ನಿದ್ರೆ ಬಾರದಿರುವುದು, ಮಲಬದ್ಧತೆ, ಅಪಸ್ಮಾರ, ಆತಂಕ, ನಾಲ್ಕೇ ಬಗೆಯ ಆಹಾರಕ್ಕೆ ಅಂಟಿಕೊಳ್ಳುವುದು.

ಆದರೂ ನಿಮ್ಮ ಪತ್ರದ ಮೂರನೆಯ ಪುಟವನ್ನು ಓದಿದಾಗಲೇ ನನಗೆ ವಿಷಯ ಸರಿಯಾಗಿ ಹೊಳೆದದ್ದು. ಮಗ ಎರಡು ತಿಂಗಳು ತನ್ನ ಬಲಗೆನ್ನೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ತೋರಿಸಿದ ಕಡೆಯಲ್ಲೆಲ್ಲ ‘ಆಟಿಸಂನಲ್ಲಿ ಇದು ಸಾಮಾನ್ಯ’ ಎಂಬ ಉತ್ತರ. ಎರಡು ಬಾರಿ ಮದ್ದಿನ ಪ್ರಮಾಣ ಏರಿತು. ಕೊನೆಗೆ ಅರಿವಳಿಕೆ ಕೊಟ್ಟು ಬಾಯಿ ತೆರೆಸಿದರೆ ಬಲಗಡೆಯ ದವಡೆ ಹಲ್ಲಿನ ಬುಡದಲ್ಲಿ ಕೀವು. ಹಲ್ಲು ಕಿತ್ತ ಮೂರನೆಯ ದಿನ ಕೈ ಕೆಳಗಿಳಿಯಿತು. ಬೇರೆ ಮಗುವಾಗಿದ್ದರೆ ‘ಅಮ್ಮಾ, ಹಲ್ಲು’ ಎಂದು ಅತ್ತಿರುತ್ತಿತ್ತು, ಕುರ್ಚಿಯಲ್ಲಿ ಕೂರಿಸಿ ಅರ್ಧ ಗಂಟೆಯಲ್ಲಿ ಹುಳುಕು ತುಂಬಿ ಕಳುಹಿಸುತ್ತಿದ್ದರು. ನಿಮ್ಮ ಮಗನಿಗೆ ಅರಿವಳಿಕೆ ತಜ್ಞರು, ರಕ್ತಪರೀಕ್ಷೆ, ಶಸ್ತ್ರಚಿಕಿತ್ಸಾ ಕೊಠಡಿ ಎಲ್ಲವೂ ಬೇಕಾದವು. ನೋವನ್ನು ನಡವಳಿಕೆ ಎಂದು ಬರೆದುಕೊಂಡದ್ದರ ಬೆಲೆ ಇದು.

ಹೀಗಾಗಿ ದಂತವೈದ್ಯರನ್ನು ಬಿಡಬೇಡಿ. ಕಿವಿ, ಹೊಟ್ಟೆ, ನಿದ್ರೆಗಳ ತಪಾಸಣೆಯನ್ನೂ ಬಿಡಬೇಡಿ. ನಡವಳಿಕೆ ಏಕಾಏಕಿ ಬದಲಾದರೆ ‘ಮೊದಲು ಎಲ್ಲಿಯಾದರೂ ನೋವಿದೆಯೇ ನೋಡಿ’ ಎಂದು ಪಟ್ಟು ಹಿಡಿಯಿರಿ. ಅರಿವಳಿಕೆ ಕೊಡಲೇಬೇಕಾದ ದಿನ ಬಾಕಿ ಇರುವ ರಕ್ತಪರೀಕ್ಷೆ, ಕಿವಿ ಪರೀಕ್ಷೆಗಳನ್ನೂ ಅದೇ ಹೊತ್ತಿಗೆ ಮುಗಿಸಲಾಗುತ್ತದೆಯೇ ಎಂದು ಮುಂಚಿತವಾಗಿ ಕೇಳಿ.

ಬಿಡಬಹುದಾದದ್ದು ‘ಪೂರ್ತಿ ಗುಣಪಡಿಸುತ್ತೇವೆ’ ಎನ್ನುವವರ ಬಾಗಿಲು. ಸೆಕ್ರೆಟಿನ್ ಎಂಬ ಕರುಳಿನ ಹಾರ್ಮೋನಿನ ಚುಚ್ಚುಮದ್ದಿಗಾಗಿ ಹಿಂದೊಮ್ಮೆ ಪಾಲಕರು ಮುಗಿಬಿದ್ದಿದ್ದರು. ಹುಸಿ ಮದ್ದಿಗಿಂತ ಅದು ಮೇಲಲ್ಲ ಎಂದು 1999ರ ಪ್ರಯೋಗ ತೋರಿಸಿತು. ದೇಹದ ಲೋಹಾಂಶ ತೆಗೆಯುತ್ತೇವೆಂಬ ಕೀಲೇಷನ್ ಚಿಕಿತ್ಸೆಯಲ್ಲಿ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಮಗುವೊಂದು ಪ್ರಾಣವನ್ನೇ ಕಳೆದುಕೊಂಡಿತು. ನಿಮ್ಮ ಪಟ್ಟಿಯಲ್ಲಿರುವ ‘ವಿಷ ತೆಗೆಯುವ ಪುಡಿ’ಯ ಮೇಲೆ ಇಂದೇ ಗೆರೆ ಎಳೆಯಿರಿ. ಇದರಲ್ಲಿ ನನಗೆ ದಾಕ್ಷಿಣ್ಯವಿಲ್ಲ. ಈಗ ಕೊಡುತ್ತಿರುವ ವೈದ್ಯರ ಮದ್ದನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.

ಕೊನೆಯ ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ‘ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು’ ಎಂದು ಬರೆದಿದ್ದೀರಿ. ನೀವು ಕೂಡಿದ ಖರ್ಚಿನ ಮೊತ್ತದಲ್ಲಿ ಅದು ಸೇರಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ವೆಚ್ಚಗಳನ್ನು ಲೆಕ್ಕಹಾಕಿದ 2014ರ ಅಧ್ಯಯನವೊಂದರಲ್ಲಿ ಮಕ್ಕಳ ವಿಷಯದಲ್ಲಿ ಅತಿ ದೊಡ್ಡ ಪಾಲು ಆಸ್ಪತ್ರೆಯದಾಗಿರಲಿಲ್ಲ. ವಿಶೇಷ ಶಿಕ್ಷಣದ್ದು ಮತ್ತು ಹೆತ್ತವರು ಕಳೆದುಕೊಂಡ ದುಡಿಮೆಯದ್ದು. ನೆಂಟರಿಗೆ ಬಿಲ್ಲುಗಳು ಕಾಣುತ್ತವೆ, ಬಾರದ ಸಂಬಳ ಕಾಣುವುದಿಲ್ಲ. ನಮಗೂ ಕಂಡಿರಲಿಲ್ಲ.

ಆ ಲೇಖನದ ಖರ್ಚಿನ ಕೋಷ್ಟಕವನ್ನು ತಿದ್ದಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ನೀವು ಪೆನ್ಸಿಲಿನಲ್ಲಿ ಬರೆದ ಸಾಲಿಗೆ ಅದರಲ್ಲಿ ಮೊದಲನೆಯ ಜಾಗ.

— ಸಂ.