ರೇಸ್‌ನಲ್ಲಿ ‘ವ್ಯಾಲ್ಯೂ’ ಹುಡುಕುವವರಿಗೆ: ಓದುಗರ ಪ್ರಶ್ನೆ, ಲೆಕ್ಕದ ಮೇಷ್ಟ್ರ ಉತ್ತರ

ಬೆಂಗಳೂರಲ್ಲಿ ರೇಸ್ ಸೀಸನ್ ಶುರುವಾದರೆ ಸಾಕು, ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯಿಂದ ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಊಟಿಯ ರೇಸ್ ಮೈದಾನವನ್ನು 2024ರಲ್ಲಿ ತಮಿಳುನಾಡು ಸರ್ಕಾರ ವಾಪಸ್ ತೆಗೆದುಕೊಂಡಿತು. ಅದಾದ ಮೇಲಂತೂ ನಮ್ಮ ಕಡೆಯ ರೇಸ್ ಹುಚ್ಚಿನವರೆಲ್ಲ ಅತ್ತಿಬೆಲೆ ಗಡಿ ದಾಟಿ ಬೆಂಗಳೂರಿಗೆ ಹೋಗುತ್ತಿದ್ದಾರೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು. ವಿನ್ ಅಂದರೇನು, ಪ್ಲೇಸ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ರೇಸ್ ಕಡೆ ಹೋಗಲೇಬೇಡಿ.

ಪ್ರಶ್ನೆ: ಮೇಷ್ಟ್ರೇ, ಎಲ್ಲರೂ ಫೇವರಿಟ್ ಕುದುರೆಗೆ ಕಟ್ಟುತ್ತಾರೆ, ಅದರಲ್ಲಿ ದುಡ್ಡು ಕಮ್ಮಿ. ಜನ ನೋಡದೆ ಬಿಟ್ಟ ಕುದುರೆಗೆ ಕಟ್ಟಿದರೆ ‘ವ್ಯಾಲ್ಯೂ’ ಸಿಗುತ್ತದೆ ಅಂತಾರೆ. ಅದನ್ನು ಹುಡುಕುವ ಸೂತ್ರ ಹೇಳಿಕೊಡಿ. (ಗುಲಾಬಿ ಬೆಳೆಗಾರರು, ಬಾಗಲೂರು)

ನೀವು ಹೂ ಬೆಳೆಯುವವರು, ನಿಮಗೆ ಇದು ಬೇಗ ಅರ್ಥ ಆಗುತ್ತದೆ. ಹೂ ಚೆನ್ನಾಗಿದೆ ಅನ್ನುವುದು ಒಂದು ಮಾತು. ಒಂದು ಕಟ್ಟು ಹೂವಿಗೆ ಏನು ರೇಟು ಅನ್ನುವುದು ಇನ್ನೊಂದು ಮಾತು. ಒಳ್ಳೇ ಹೂವನ್ನೂ ಜಾಸ್ತಿ ರೇಟಿಗೆ ಕೊಂಡರೆ ವ್ಯಾಪಾರಿ ಮುಳುಗುತ್ತಾನೆ. ವ್ಯಾಲ್ಯೂ ಅಂದರೆ ಇಷ್ಟೇ: ಕುದುರೆ ಗೆಲ್ಲುವ ನಿಜವಾದ ಸಾಧ್ಯತೆಗಿಂತ ಅದರ ರೇಟು ಅಗ್ಗವಾಗಿರಬೇಕು. ಗೆಲ್ಲುವ ಕುದುರೆ ಹುಡುಕುವುದು ಬೇರೆ, ಅಗ್ಗದ ಕುದುರೆ ಹುಡುಕುವುದು ಬೇರೆ.

ಈಗ ಟೋಟ್, ಅಂದರೆ ಕ್ಲಬ್ಬೇ ನಡೆಸುವ ಬೆಟ್ಟಿಂಗ್‌ನ ಲೆಕ್ಕ ನೋಡಿ. ಎಲ್ಲರೂ ಕಟ್ಟಿದ ಹಣ ಒಂದೇ ಗಂಟಿಗೆ ಬೀಳುತ್ತದೆ. ಕ್ಲಬ್ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಗಂಟಿನಲ್ಲಿ 1,00,000 ರೂಪಾಯಿ ಇದೆ ಅನ್ನಿ. ಲೆಕ್ಕಕ್ಕೆ ಸುಲಭವಾಗಲಿ ಅಂತ 20,000 ಮುರಿದುಕೊಂಡರು ಅಂತ ಇಟ್ಟುಕೊಳ್ಳಿ. ಉಳಿದದ್ದು 80,000. ಮೂರನೇ ನಂಬರಿನ ಕುದುರೆ ಮೇಲೆ 20,000 ಬಿದ್ದಿದೆ. ಅದು ಗೆದ್ದರೆ 100 ರೂಪಾಯಿಗೆ 400 ಬರುತ್ತದೆ.

ಗಂಟಿನ ಐದರಲ್ಲಿ ಒಂದು ಪಾಲು ಅದರ ಮೇಲಿದೆ. ಅಂದರೆ ಈ ಕುದುರೆ ನೂರಕ್ಕೆ 20 ಸಲ ಗೆಲ್ಲುತ್ತದೆ ಅಂತ ಜನ ತಮ್ಮ ದುಡ್ಡಿನ ಮೂಲಕ ಹೇಳುತ್ತಿದ್ದಾರೆ. ಆದರೆ 100ಕ್ಕೆ 400 ಬಂದರೆ ನಿಮ್ಮ ಅಸಲು ಹುಟ್ಟಬೇಕಾದರೂ ಅದು ನೂರಕ್ಕೆ 25 ಸಲ ಗೆಲ್ಲಬೇಕು. ಇಲ್ಲಿಗೆ ನಿಲ್ಲುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ರೇಸ್ ಬೆಟ್ಟಿಂಗ್ ಮೇಲಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿದೆ. ಅದೂ ಗೆದ್ದ ಹಣದ ಮೇಲಲ್ಲ, ಕಟ್ಟುವ ಪೂರ್ತಿ ಹಣದ ಮೇಲೆ. 100 ರೂಪಾಯಿ ಗಂಟಿಗೆ ಬೀಳಬೇಕಾದರೆ ನಿಮ್ಮ ಜೇಬಿನಿಂದ 140 ಹೋಗುತ್ತದೆ. 140 ಕೊಟ್ಟು 400 ಪಡೆಯುವ ಆಟದಲ್ಲಿ ಅಸಲು ಹುಟ್ಟಲು ನೂರಕ್ಕೆ 35 ಗೆಲುವು ಬೇಕು. ಜನ 20 ಅನ್ನುತ್ತಿರುವ ಕುದುರೆ ನಿಜದಲ್ಲಿ 35 ಆಗಿರಬೇಕು. ಆಗಲೂ ನಿಮಗೆ ಲಾಭ ಸೊನ್ನೆ!

ಇನ್ನೂ ಒಂದಿದೆ, ಇದನ್ನು ಯಾರೂ ಯೋಚಿಸುವುದಿಲ್ಲ. ನೀವೇ 5,000 ತಂದು ಆ ಕುದುರೆ ಮೇಲೆ ಹಾಕಿದಿರಿ ಅನ್ನಿ. ಗಂಟು 1,05,000 ಆಯಿತು, ಹಂಚಲು 84,000 ಉಳಿಯಿತು, ಕುದುರೆ ಮೇಲಿನ ಹಣ 25,000. ಈಗ 100ಕ್ಕೆ ಬರುವುದು 336 ಮಾತ್ರ. ಬೇಕಾದ ಗೆಲುವು ನೂರಕ್ಕೆ ಸುಮಾರು 42ಕ್ಕೆ ಏರಿತು. ನಿಮ್ಮ ದುಡ್ಡೇ ನಿಮ್ಮ ರೇಟು ಕೆಡಿಸಿತು. ಜೊತೆಗೆ ಕೊನೇ ನಿಮಿಷದಲ್ಲಿ ಬೀಳುವ ಬೇರೆಯವರ ಹಣವೂ ಇದೆ. ಬೋರ್ಡಿನಲ್ಲಿ ನೀವು ನೋಡಿದ ರೇಟು ನಿಮಗೆ ಸಿಗುವ ರೇಟಲ್ಲ.

ಇನ್ನು ‘ಜನ ನೋಡದ ಕುದುರೆ’ ವಿಷಯ. ಇದು ತಲೆಕೆಳಗಾದ ನಂಬಿಕೆ. ಎಷ್ಟೋ ದೇಶಗಳ ರೇಸ್ ದಾಖಲೆ ನೋಡಿದವರು ಕಂಡುಕೊಂಡದ್ದು ಬೇರೆಯೇ. ಒಂದಕ್ಕೆ ಮೂವತ್ತು, ನಲವತ್ತು ಕೊಡುವ ಕುದುರೆಗಳ ಮೇಲೆ ಜನ ಅವುಗಳ ಯೋಗ್ಯತೆಗಿಂತ ಜಾಸ್ತಿ ಕಟ್ಟುತ್ತಾರೆ. ದೊಡ್ಡ ಮೊತ್ತದ ಆಸೆ ಅಲ್ವಾ? ಹಾಗಾಗಿ ಹೆಚ್ಚು ನಷ್ಟ ಅವುಗಳಲ್ಲೇ. ಫೇವರಿಟ್ ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ಅದಕ್ಕೆ ಕಟ್ಟಿದವರೂ ಸೋಲುತ್ತಾರೆ, ಆದರೆ ನಿಧಾನವಾಗಿ.

ನಾನೂ ಹುಡುಕಿದ್ದೇನೆ. ಮೂರು ಸೀಸನ್ ಪೂರ್ತಿ ನೋಟ್‌ಬುಕ್ ಇಟ್ಟೆ. ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. ಪ್ರತಿ ರೇಸಿಗೆ ಮೊದಲು ಕುದುರೆಯ ಹಳೇ ಓಟ, ಹೊತ್ತಿರುವ ತೂಕ, ದೂರ, ಜಾಕಿ, ಟ್ರ್ಯಾಕ್ ವರ್ಕ್ (ರೇಸಿಗೆ ಮುಂಚಿನ ಅಭ್ಯಾಸದ ಓಟ) ಎಲ್ಲ ನೋಡಿ ನನ್ನ ಶೇಕಡಾ ಬರೆಯುತ್ತಿದ್ದೆ. ಪಕ್ಕದಲ್ಲಿ ಬೋರ್ಡಿನ ಶೇಕಡಾ. ಕೊನೆಗೆ ಕೂಡಿಸಿ ನೋಡಿದರೆ ನಾನು 30 ಅಂದ ಕುದುರೆಗಳು ಬೋರ್ಡು ಹೇಳಿದಷ್ಟೇ ಗೆದ್ದಿದ್ದವು. ನಾನು ಹೇಳಿದಷ್ಟು ಗೆದ್ದಿರಲಿಲ್ಲ. ನನ್ನ ಓದೆಲ್ಲ ಸೇರಿದರೂ ಸಾವಿರಾರು ಜನರ ದುಡ್ಡು ಕಟ್ಟಿದ ರೇಟಿನಷ್ಟು ಸರಿಯಾಗಿರಲಿಲ್ಲ. ಆವತ್ತಿನಿಂದ ಯಾರಿಗೂ ಸೂತ್ರ ಕೊಡುವುದಿಲ್ಲ ಅಂತ ನಿರ್ಧಾರ ಮಾಡಿದೆ.

ಆದರೂ ನಿಮಗೆ ಹಟ ಇದ್ದರೆ ಅದೇ ಕೆಲಸ ಮಾಡಿ. ರೇಸಿಗೆ ಮೊದಲು ಪೆನ್ನಿನಲ್ಲಿ ಬರೆಯಿರಿ. ಆಮೇಲೆ ತಿದ್ದಬೇಡಿ. ಕೊನೆಯಲ್ಲಿ ಘೋಷಣೆಯಾದ ಡಿವಿಡೆಂಡ್ (ಗೆದ್ದ ಕುದುರೆಗೆ ಕಟ್ಟಿದವರಿಗೆ ಕೊಡುವ ಹಣ) ಬರೆದುಕೊಳ್ಳಿ, ನೂರಕ್ಕೆ ನೂರನಲವತ್ತರ ಲೆಕ್ಕ ಹಿಡಿಯಿರಿ. ಹತ್ತು ಹದಿನೈದು ರೇಸ್ ಸಾಲದು, ನೂರಾರು ಬೇಕು. ಐದರಲ್ಲಿ ಒಂದು ಸಲ ಗೆಲ್ಲುವ ಕುದುರೆಗಳಿಗೇ ಕಟ್ಟುತ್ತಾ ಹೋದರೂ ಮೊದಲ ಹತ್ತಕ್ಕೆ ಹತ್ತೂ ಸೋಲುವ ಸಾಧ್ಯತೆ ನೂರಕ್ಕೆ ಹನ್ನೊಂದರ ಹತ್ತಿರ. ಸೋಲಿಗೂ ಅರ್ಥವಿಲ್ಲ, ನಾಲ್ಕು ಗೆಲುವಿಗೂ ಅರ್ಥವಿಲ್ಲ, ಸಂಖ್ಯೆ ದೊಡ್ಡದಾಗುವ ತನಕ.

ಪ್ರಶ್ನೆ: ಸೋತಾಗಲೆಲ್ಲ ಡಬಲ್ ಮಾಡುತ್ತಾ ಹೋದರೆ ಒಂದಲ್ಲ ಒಂದು ದಿನ ಎಲ್ಲಾ ವಾಪಸ್ ಬರುತ್ತದಲ್ವಾ?

100ರಿಂದ ಶುರು ಮಾಡಿ ಹತ್ತು ಸಲ ಸೋತರೆ 1,02,300 ಹೋಯಿತು. ಹನ್ನೊಂದನೇ ಸಲ 1,02,400 ಕಟ್ಟಬೇಕು. ಇದ್ಯಾ ನಿಮ್ಮ ಹತ್ತಿರ?

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಒಬ್ಬರು ಟಿಪ್ ಕೊಡುತ್ತಾರೆ. ಎರಡು ಸಲ ಸತತ ಗೆದ್ದಿದೆ. ಮೂರನೆಯದಕ್ಕೆ 5,000 ಕೇಳುತ್ತಿದ್ದಾರೆ.

ಕೊಡಬೇಡಿ. ಎಂಟು ಕುದುರೆಯ ರೇಸ್, ಟಿಪ್ ಕೊಡುವವನ ಹತ್ತಿರ 800 ಜನರ ಫೋನ್ ನಂಬರ್ ಇದೆ ಅನ್ನಿ. ನೂರು ನೂರು ಜನರ ಎಂಟು ಗುಂಪಿಗೆ ಒಂದೊಂದು ಕುದುರೆ ಹೇಳಿದರೆ ನೂರು ಜನಕ್ಕೆ ಟಿಪ್ ನಿಜ ಆಗುತ್ತದೆ. ಆ ನೂರು ಜನರನ್ನು ಮತ್ತೆ ಎಂಟು ಪಾಲು ಮಾಡಿದರೆ ಹನ್ನೆರಡು ಜನಕ್ಕೆ ಎರಡನೆಯದೂ ನಿಜ. ಆ ಹನ್ನೆರಡರಲ್ಲಿ ನೀವೂ ಒಬ್ಬರು. ಅವನಿಗೆ ಕುದುರೆಯ ಗಂಧವೂ ಬೇಕಾಗಿಲ್ಲ. ಬಡವರ ಸಂಬಳ ತಿನ್ನುವ ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪ್ರಶ್ನೆ: ಹುಟ್ಟಿದ ದಿನಾಂಕಕ್ಕೆ ಹೊಂದುವ ಕುದುರೆ ನಂಬರ್?

ಸುಮ್ನೆ ಕಾಲ ಕಳೆಯಬೇಡಿ.

ಪ್ರಶ್ನೆ: ರೇಸ್ ಜೂಜಲ್ಲ, ಕೌಶಲ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?

ಹೌದು, 1996ರಲ್ಲಿ, ತಮಿಳುನಾಡಿನ ಕೇಸಿನಲ್ಲೇ ಹೇಳಿತು. ಕೌಶಲದ ಆಟ ಅಂದಿತೇ ಹೊರತು ಆ ಕೌಶಲ ನಿಮ್ಮಲ್ಲಿದೆ ಅನ್ನಲಿಲ್ಲ.

ಪ್ರಶ್ನೆ: ಹಾಂಗ್‌ಕಾಂಗ್‌ನಲ್ಲಿ ಬಿಲ್ ಬೆಂಟರ್ ಕಂಪ್ಯೂಟರ್ ಇಟ್ಟು ಕೋಟಿಗಟ್ಟಲೆ ಗೆದ್ದರಂತೆ. ನಮ್ಮಿಂದ ಯಾಕಾಗದು?

ಅವರು ಗೆದ್ದದ್ದು ನಿಜ. ವರ್ಷಗಟ್ಟಲೆ ದಾಖಲೆ ಸೇರಿಸಿದರು, ಜನರ ರೇಟನ್ನೂ ತಮ್ಮ ಲೆಕ್ಕದೊಳಗೆ ಸೇರಿಸಿಕೊಂಡರು. ಅಲ್ಲಿನ ಗಂಟು ಬಹಳ ದೊಡ್ಡದು, ಅವರ ಹಣ ಬಿದ್ದರೂ ರೇಟು ಅಷ್ಟಾಗಿ ಅಲ್ಲಾಡುತ್ತಿರಲಿಲ್ಲ. ಇಲ್ಲಿ ಕಟ್ಟುವಾಗಲೇ ಶೇ. 40 ತೆರಿಗೆ. ಗೆಲುವು 10,000 ದಾಟಿದರೆ ಶೇ. 30 ಟಿಡಿಎಸ್ ಬೇರೆ. ಸೋತದ್ದನ್ನು ಗೆದ್ದದ್ದರಲ್ಲಿ ಕಳೆದು ತೋರಿಸಲು ಆದಾಯ ತೆರಿಗೆಯವರು ಬಿಡುವುದಿಲ್ಲ. ಇವತ್ತು ಅವರೇ ಇಲ್ಲಿಗೆ ಬಂದರೂ ಕಟ್ಟಲಾರರು ಅಂತ ನನ್ನ ನಂಬಿಕೆ.

ಪ್ರಶ್ನೆ: ನನ್ನ ಗಂಡ ಸಿಪ್ಕಾಟ್ ಕಡೆ ಫ್ಯಾಕ್ಟರಿಯಲ್ಲಿದ್ದಾರೆ. ಸಂಬಳ ಬಂದ ವಾರವೇ ರೇಸಿಗೆ ಹೋಗುತ್ತಾರೆ. ನನ್ನ ಬಳೆ ಅಡವಿಟ್ಟಿದ್ದಾರೆ. ಕಡಿಮೆ ಸೋಲುವ ದಾರಿ ಹೇಳಿಕೊಟ್ಟರೆ ಅವರಿಗೆ ಹೇಳುತ್ತೇನೆ.

ಅಮ್ಮಾ, ಅಂಥ ದಾರಿ ಹೇಳಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಅವರಿಗೆ ಬೇಕಾದದ್ದು ಲೆಕ್ಕ ಅಲ್ಲ, ಚಿಕಿತ್ಸೆ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ನಿಮ್ಹಾನ್ಸ್ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ಇದೆ. ಅವರು ಬರಲು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಫೋನ್ ಮಾಡಿ. ಈ ತಿಂಗಳ ಸಂಬಳ ಬರುವ ಮೊದಲೇ ಮಾಡಿ.