ಕಂಪನಿ ಕಾರು ನಿಮ್ಮ ಹೆಸರಿಗೆ ಬರುವಾಗ ವಿಮೆಯ ಬೋನಸ್ ಬಿಟ್ಟುಕೊಡಬೇಡಿ

ಪ್ರಶ್ನೆ: ಸರ್, ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾಲ್ಕೂವರೆ ವರ್ಷದ ಹಿಂದೆ ಕಂಪನಿಯವರು ಹೊಸ ಕಾರು ಕೊಟ್ಟರು. ಆರ್‌ಸಿ, ವಿಮೆ ಎರಡೂ ಕಂಪನಿ ಹೆಸರಲ್ಲೇ ಇವೆ. ಇಷ್ಟು ದಿನ ನಾನೊಬ್ಬನೇ ಓಡಿಸಿದ್ದು, ಒಂದು ಕ್ಲೈಮೂ ಮಾಡಿಲ್ಲ. ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದೇನೆ. 3.2 ಲಕ್ಷಕ್ಕೆ ಕಾರನ್ನು ನನಗೇ ಕೊಡುತ್ತಾರಂತೆ. ‘ವಿಮೆ ಇನ್ನೂ ಆರು ತಿಂಗಳಿದೆ, ಹಾಗೇ ಓಡಿಸಿ’ ಅಂತ ಎಚ್‌ಆರ್‌ನವರು ಹೇಳಿದರು. ಏಜೆಂಟರು ‘ಪಾಲಿಸಿಯಲ್ಲಿರೋ 45 ಪರ್ಸೆಂಟ್ ಬೋನಸ್ ಕಂಪನಿದು, ನಿಮಗೆ ಸೊನ್ನೆಯಿಂದ ಶುರು’ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ಕೆಲಸ ಬಿಡೋಕೆ ಇನ್ನೂ ಒಂದು ತಿಂಗಳು ಇರುವಾಗಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಈ ಪ್ರಶ್ನೆ ನನ್ನ ಹತ್ತಿರ ಬರೋದು ಸಾಮಾನ್ಯವಾಗಿ ಕೆಲಸ ಬಿಟ್ಟು ಆರು ತಿಂಗಳಾದ ಮೇಲೆ.

ಏಜೆಂಟರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಗೆ ನೋ ಕ್ಲೈಮ್ ಬೋನಸ್, ಅಂದರೆ ಎನ್‌ಸಿಬಿ, ಅನ್ನುತ್ತಾರೆ. ಅದು ವಿಮೆ ಮಾಡಿಸಿದವರಿಗೆ ಸೇರಿದ್ದು. ಕಾರಿನ ಜೊತೆ ಅದು ಹೋಗುವುದಿಲ್ಲ. ನೀವು ನೆರೆಯವರ ಹಳೇ ಕಾರು ತೆಗೆದುಕೊಂಡರೆ ಅವರ ಬೋನಸ್ ನಿಮಗೆ ಬರಲ್ಲ. ಆದರೆ ಕಂಪನಿ ಕಾರಿಗೆ ಒಂದು ವಿನಾಯಿತಿ ಇದೆ. ವಾಹನ ವಿಮೆಯ ನಿಯಮಗಳ ಪುಸ್ತಕವಾದ ಇಂಡಿಯಾ ಮೋಟಾರ್ ಟ್ಯಾರಿಫ್‌ನ 27ನೇ ಸಾಮಾನ್ಯ ನಿಯಮದಲ್ಲಿ ಅದನ್ನು ಬರೆದೇ ಇಟ್ಟಿದ್ದಾರೆ. ಸಂಸ್ಥೆಯ ಹೆಸರಿನಲ್ಲಿದ್ದ ವಾಹನವನ್ನು ಒಬ್ಬ ನೌಕರರಿಗೆ ಕೊಟ್ಟಿದ್ದು, ಅವರೊಬ್ಬರೇ ಅದನ್ನು ಓಡಿಸುತ್ತಿದ್ದು, ಆಮೇಲೆ ಅದೇ ವಾಹನ ಅವರ ಹೆಸರಿಗೆ ವರ್ಗವಾದರೆ, ಆ ಅವಧಿಯಲ್ಲಿ ಬಂದ ಎನ್‌ಸಿಬಿ ನೌಕರರಿಗೇ ಸಿಗಬೇಕು. ಇದಕ್ಕೆ ಕಂಪನಿಯ ಪತ್ರ ಒಂದು ಬೇಕು. 2007ರಲ್ಲಿ ಪ್ರೀಮಿಯಂ ದರದ ಮೇಲಿನ ನಿಯಂತ್ರಣ ತೆಗೆದರೂ ಎನ್‌ಸಿಬಿ ವಿಚಾರದಲ್ಲಿ ವಿಮಾ ಕಂಪನಿಗಳು ಈಗಲೂ ಈ ಟ್ಯಾರಿಫ್‌ನ ದಾರಿಯಲ್ಲೇ ನಡೆಯುತ್ತವೆ. ಎಷ್ಟೋ ಏಜೆಂಟರಿಗೆ ಈ ಸಾಲು ಗೊತ್ತಿರಲ್ಲ. ಗೊತ್ತಿದ್ದವರು ಕೂಡ ಪತ್ರದ ಓಡಾಟ ಯಾಕೆ ಅಂತ ಸುಮ್ನಿದ್ದು ಬಿಡುತ್ತಾರೆ.

ಹಾಗಾಗಿ ಕೊನೆಯ ದಿನ ಗುರುತಿನ ಚೀಟಿ, ಲ್ಯಾಪ್‌ಟಾಪ್ ಒಪ್ಪಿಸುವ ಮೊದಲು ಈ ಪತ್ರ ಕೈಗೆ ತೆಗೆದುಕೊಳ್ಳಿ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಇರಲಿ. ವಾಹನದ ನಂಬರ್, ಎಂಜಿನ್ ಮತ್ತು ಛಾಸಿ ನಂಬರ್, ಪಾಲಿಸಿ ನಂಬರ್ ಇರಲಿ. ‘ಈ ದಿನಾಂಕದಿಂದ ಈ ದಿನಾಂಕದವರೆಗೆ ಈ ವಾಹನವನ್ನು ಇವರಿಗೆ ಕೊಡಲಾಗಿತ್ತು, ಇವರೊಬ್ಬರೇ ಓಡಿಸುತ್ತಿದ್ದರು’ ಅನ್ನುವ ಮಾತು ಸ್ಪಷ್ಟವಾಗಿ ಇರಲೇಬೇಕು. ಕೆಳಗೆ ಸಹಿ, ಸೀಲು. ‘ಇವರು ನಮ್ಮ ನೌಕರರಾಗಿದ್ದರು, ಕಾರು ಬಳಸುತ್ತಿದ್ದರು’ ಅಂತ ತೇಲಿಸಿ ಬರೆದ ಪತ್ರ ಸಾಲುವುದಿಲ್ಲ. ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಆ ಕಾರನ್ನು ವಾರದಲ್ಲಿ ಎರಡು ದಿನ ಕಂಪನಿ ಡ್ರೈವರ್ ಬೇರೆಯವರಿಗೆ ಓಡಿಸಿದ್ದರೆ ಇಂಥ ಪತ್ರ ಕೇಳಬೇಡಿ. ಅದು ಸುಳ್ಳಾಗುತ್ತೆ. ಎನ್‌ಸಿಬಿ ಬಗ್ಗೆ ಕೊಟ್ಟ ಮಾತು ಸುಳ್ಳು ಅಂತ ಗೊತ್ತಾದರೆ ಪಾಲಿಸಿಯ ಓನ್ ಡ್ಯಾಮೇಜ್ ಭಾಗದ, ಅಂದರೆ ನಿಮ್ಮ ಕಾರಿಗೇ ಆದ ಹಾನಿಗೆ ದುಡ್ಡು ಕೊಡುವ ಭಾಗದ, ಲಾಭವೆಲ್ಲ ಮುಟ್ಟುಗೋಲಾಗುತ್ತದೆ. ವಿಮಾ ಕಂಪನಿಗಳು ಹಳೇ ಕಂಪನಿಯನ್ನು ಕೇಳಿ ತಾಳೆ ನೋಡುತ್ತವೆ.

ಇದರಿಂದ ಉಳಿಯೋದು ಎಷ್ಟು ಅಂತೀರಾ? ನಿಮ್ಮ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮೊದಲು ವರ್ಷಕ್ಕೆ 12,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಐದು ವರ್ಷವೂ ಅಷ್ಟೇ ಇರಲಿ. 45 ಪರ್ಸೆಂಟ್ ನಿಮಗೆ ಸಿಕ್ಕಿ, ಮುಂದೆಯೂ ಕ್ಲೈಮ್ ಮಾಡದಿದ್ದರೆ ಎರಡನೇ ವರ್ಷದಿಂದ 50 ಪರ್ಸೆಂಟ್. ಅದಕ್ಕಿಂತ ಜಾಸ್ತಿ ಇಲ್ಲ. ಐದು ವರ್ಷಕ್ಕೆ ಕಟ್ಟೋದು 30,600. ಸೊನ್ನೆಯಿಂದ ಶುರು ಮಾಡಿದರೆ ಮೊದಲ ವರ್ಷ ಏನೂ ಇಲ್ಲ, ಆಮೇಲೆ 20, 25, 35, 45 ಪರ್ಸೆಂಟ್ ಹೀಗೆ ಏರಬೇಕು. ಆಗ ಕಟ್ಟೋದು 45,000. ವ್ಯತ್ಯಾಸ 14,400. 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ ಹದಿನೇಳು ಸಾವಿರದ ಹತ್ತಿರ. ಒಂದು ಹಾಳೆ ಕಾಗದಕ್ಕೆ ಇಷ್ಟು ಬೆಲೆ! ನಾಲ್ಕು ವರ್ಷ ಜೋಪಾನವಾಗಿ ಓಡಿಸಿದ್ದು ನೀವು, ಅಲ್ವಾ?

ಈಗ ಎಚ್‌ಆರ್‌ನವರ ಮಾತಿಗೆ ಬರೋಣ. ಇದು ಬೋನಸ್‌ಗಿಂತ ದೊಡ್ಡ ಅಪಾಯ. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ವಾಹನ ಕೈ ಬದಲಾದಾಗ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಯ ವಿಮೆ, ತಾನಾಗಿಯೇ ಹೊಸ ಮಾಲೀಕರಿಗೆ ಬರುತ್ತದೆ. ಆದರೆ ನಿಮ್ಮ ಕಾರಿಗೇ ಆದ ಹಾನಿಯ ಭಾಗ ಹಾಗೆ ಬರಲ್ಲ. ಸುಪ್ರೀಂ ಕೋರ್ಟ್ ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ 1990ರ ದಶಕದಲ್ಲೇ ಇದನ್ನು ಹೇಳಿಯಾಗಿದೆ. ವಾಹನ ವರ್ಗವಾದ 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ, ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ನಾನು ವಿಮಾ ಸರ್ವೇಯರ್ (ಹಾನಿಯ ಅಂದಾಜು ಹಾಕುವವನು) ಆಗಿದ್ದಾಗ ಜಯನಗರದಲ್ಲಿ ಒಂದು ಕಾರು ನೋಡಲು ಹೋಗಿದ್ದೆ. ರಾತ್ರಿ ಮಳೆಗೆ ಗುಲ್‌ಮೊಹರ್ ಮರ ಮುರಿದು ಕಾರಿನ ಮೇಲೆ ಬಿದ್ದಿತ್ತು. ಮುಂದಿನ ಗಾಜು ಪುಡಿ, ಮೇಲ್ಛಾವಣಿ ಸೀಟಿನವರೆಗೂ ತಗ್ಗಿತ್ತು. ಒದ್ದೆ ಬಾನೆಟ್ ಮೇಲೆ ಕೆಂಪು ಹೂವು ಅಂಟಿಕೊಂಡಿದ್ದವು. ಆ ಮನುಷ್ಯರು ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ಕೊಟ್ಟರು. ಆರ್‌ಸಿಯಲ್ಲಿ ಅವರ ಹೆಸರು, ಪಾಲಿಸಿಯಲ್ಲಿ ಅವರ ಹಳೇ ಕಂಪನಿಯ ಹೆಸರು. ವರ್ಗವಾಗಿ ಎರಡು ತಿಂಗಳಾಗಿತ್ತು. ಕಾರು ಈಗ ಕಂಪನಿಯದಲ್ಲ, ಹಾಗಾಗಿ ಕಂಪನಿಗೆ ನಷ್ಟ ಇಲ್ಲ. ಇವರಿಗೆ ನಷ್ಟ ಇದೆ, ಆದರೆ ಪಾಲಿಸಿ ಇಲ್ಲ. ಕ್ಲೈಮ್ ತಿರಸ್ಕಾರ ಆಯಿತು. ಅವತ್ತು ಅವರ ಮುಖ ನೋಡೋಕೆ ನನಗೆ ಕಷ್ಟವಾಯಿತು. ಈ ಅಂಕಣದಲ್ಲಿ 14 ದಿನದ ಮಾತನ್ನು ನಾನು ಪದೇ ಪದೇ ಬರೆಯೋದು ಅದಕ್ಕೇ.

ಆರ್‌ಟಿಒ ಕೆಲಸ ಹೆಚ್ಚಿನದೇನಲ್ಲ. ಮಾಲೀಕತ್ವ ವರ್ಗದ ಫಾರಂ 29, ಫಾರಂ 30ಕ್ಕೆ ಕಂಪನಿ ಪರವಾಗಿ ಸಹಿ ಹಾಕುವ ಅಧಿಕಾರ ಇರುವವರ ಸಹಿ ಬೇಕು, ಅವರಿಗೆ ಆ ಅಧಿಕಾರ ಇದೆ ಅನ್ನುವ ಪತ್ರವೂ ಬೇಕು. ಕಾರಿನ ಮೇಲೆ ಬ್ಯಾಂಕ್ ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ. ಇವನ್ನೂ ಕೆಲಸ ಬಿಡುವ ಮೊದಲೇ ಮಾಡಿಸಿ. ಬಿಟ್ಟ ಮೇಲೆ ಒಂದು ಸಹಿಗೆ ಗೇಟಿನಲ್ಲಿ ಕಾಯಬೇಕಾಗುತ್ತೆ.

ಕಂಪನಿ ಹೆಸರಲ್ಲಿದ್ದ ಪಾಲಿಸಿಯಲ್ಲಿ ಒಂದು ಜಾಗ ಖಾಲಿ ಇರುತ್ತದೆ, ಅದನ್ನು ಯಾರೂ ಗಮನಿಸಲ್ಲ. ಮಾಲೀಕ-ಚಾಲಕರ ಅಪಘಾತ ವಿಮೆ ಅದರಲ್ಲಿ ಇರಲ್ಲ. ಕಂಪನಿಗೆ ಡ್ರೈವಿಂಗ್ ಲೈಸೆನ್ಸ್ ಇರಲ್ಲವಲ್ಲ. ಕಾರು ನಿಮ್ಮದಾದ ಮೇಲೆ 15 ಲಕ್ಷದ ಈ ರಕ್ಷಣೆ ಕಡ್ಡಾಯ. ನಿಮ್ಮ ಸ್ಕೂಟರಿನ ಪಾಲಿಸಿಯಲ್ಲೋ, ಬೇರೆ ಅಪಘಾತ ಪಾಲಿಸಿಯಲ್ಲೋ ಈಗಾಗಲೇ 15 ಲಕ್ಷಕ್ಕೆ ಇದ್ದರೆ ಮತ್ತೆ ಕಟ್ಟಬೇಕಿಲ್ಲ. ಇಲ್ಲದಿದ್ದರೆ ದಯವಿಟ್ಟು ಬಿಡಬೇಡಿ. ಮನೆಯವರಿಗೆ ಬರುವ ದುಡ್ಡು ಅದು.

ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ನಮೂದಿಸುವ ಬೆಲೆ, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 3.2 ಲಕ್ಷಕ್ಕೆ ತೆಗೆದುಕೊಂಡೆ ಅಂತ ಅಷ್ಟಕ್ಕೇ ವಿಮೆ ಮಾಡಿಸಬೇಡಿ. ನಾಲ್ಕು ವರ್ಷ ದಾಟಿ ಐದರೊಳಗಿರುವ ಕಾರಿಗೆ ತಯಾರಕರ ಬೆಲೆಯಲ್ಲಿ 50 ಪರ್ಸೆಂಟ್ ಸವಕಳಿ ಕಳೆದು ಐಡಿವಿ ಹಾಕುತ್ತಾರೆ. ಆ ಮಾದರಿಯ ಬೆಲೆ 9 ಲಕ್ಷ ಇದ್ದರೆ ಐಡಿವಿ 4.5 ಲಕ್ಷ. ಕಾರು ಕಳುವಾದರೆ ಸಿಗೋದು ಐಡಿವಿ ಲೆಕ್ಕದಲ್ಲೇ. ಕಂಪನಿ ನಿಮಗೆ ಎಷ್ಟಕ್ಕೆ ಕೊಟ್ಟಿತು ಅನ್ನೋದು ಅಲ್ಲಿ ಬರಲ್ಲ.

ಪತ್ರ ಕೊಟ್ಟ ಮೇಲೂ ಎನ್‌ಸಿಬಿ ಕೊಡಲ್ಲ ಅಂದರೆ ಬಾಯಿಮಾತಿನಲ್ಲಿ ವಾದ ಬೇಡ. 27ನೇ ನಿಯಮ ಹೆಸರಿಸಿ ಇಮೇಲ್‌ನಲ್ಲಿ ದೂರು ಕೊಡಿ. 30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ.

ಪ್ರಶ್ನೆ: ಮೂರು ವರ್ಷ ಲೀಸ್ ಕಾರು ಓಡಿಸಿದೆ. ಈಗ ಅದನ್ನು ವಾಪಸ್ ಕೊಟ್ಟು ಬೇರೆ ಹೊಸ ಕಾರು ತೆಗೆದುಕೊಳ್ಳುತ್ತಿದ್ದೇನೆ. ಆ ಮೂರು ವರ್ಷದ ಬೋನಸ್ ಹೊಸ ಕಾರಿಗೆ ಬರುತ್ತಾ? ಲೀಸ್‌ಗೆ ಮೊದಲು ನನ್ನದೇ ಕಾರಿತ್ತು, ಮಾರಿದೆ.
— ಓದುಗರು, ವೈಟ್‌ಫೀಲ್ಡ್

ಉತ್ತರ: ಲೀಸ್ ಕಾರಿನದು ಬರಲ್ಲ. ಮೇಲೆ ಹೇಳಿದ ವಿನಾಯಿತಿ ಅದೇ ಕಾರು ನಿಮ್ಮ ಹೆಸರಿಗೆ ಬಂದರೆ ಮಾತ್ರ. ಆದರೆ ಮಾರಿದ ಕಾರಿನ ವಿಷಯ ಕೂಡಲೇ ನೋಡಿ. ಅದರ ಎನ್‌ಸಿಬಿ ನಿಮ್ಮದು, ಮಾರಿದ ಮೇಲೆ ಮೂರು ವರ್ಷದವರೆಗೆ ಇನ್ನೊಂದು ಕಾರಿಗೆ ಬಳಸಬಹುದು. ಹಳೇ ವಿಮಾ ಕಂಪನಿಯಿಂದ ಎನ್‌ಸಿಬಿ ಉಳಿಸಿಕೊಂಡ ಪತ್ರ ಬೇಕು. ನಿಮ್ಮ ಮೂರು ವರ್ಷ ಈಗ ಅಂಚಿನಲ್ಲಿದೆ. ಮಾರಿದ ದಿನಾಂಕ ಹುಡುಕಿ, ಸಮಯ ಉಳಿದಿದ್ದರೆ ಹೊಸ ಕಾರಿನ ಬುಕಿಂಗ್ ಬೇಗ ಮುಗಿಸಿ. ಈಗಷ್ಟೇ ಲೀಸ್ ಕಾರು ತೆಗೆದುಕೊಂಡು ಸ್ವಂತ ಕಾರು ಮಾರುತ್ತಿರುವವರೂ ಈ ಪತ್ರ ಮರೆಯಬೇಡಿ.

ಎನ್‌ಸಿಬಿಯಿಂದ ಕಡಿಮೆಯಾಗೋದು ಓನ್ ಡ್ಯಾಮೇಜ್ ಪ್ರೀಮಿಯಂ ಮಾತ್ರ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 2022ರ ಜೂನ್ 1ರಿಂದ ಬಂದ ದರದಲ್ಲಿ 1000ರಿಂದ 1500 ಸಿಸಿಯ ಕಾರಿಗೆ ಅದು 10,640 ರೂಪಾಯಿ, ಜಿಎಸ್‌ಟಿ ಬೇರೆ. ಶೋರೂಮಿನವರು ಕೊಟ್ಟ ವಿಮೆಯನ್ನೇ ತೆಗೆದುಕೊಳ್ಳಬೇಕು ಅಂತ ಏನಿಲ್ಲ. ಎರಡು ಮೂರು ಕಡೆ ಕೇಳಿ.

ಪ್ರಶ್ನೆ: ದುಬೈನಲ್ಲಿ ಮೊದಲು ಸ್ವಂತ ಕಾರಿತ್ತು, ಕ್ಲೈಮ್ ಇರಲಿಲ್ಲ. ಕೊನೆಯ ಎರಡು ವರ್ಷ ಕಂಪನಿ ಕಾರು. ಈಗ ಉಡುಪಿಗೆ ವಾಪಸ್ ಬಂದು ಕಾರು ತೆಗೆದುಕೊಳ್ಳುತ್ತಿದ್ದೇನೆ. ಅಲ್ಲಿನ ಬೋನಸ್ ಇಲ್ಲಿ ನಡೆಯುತ್ತಾ?
— ಓದುಗರು, ಉಡುಪಿ

ಉತ್ತರ: ಸ್ವಂತ ಕಾರಿನದು ನಡೆಯುತ್ತದೆ. ಆ ವಿದೇಶಿ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ಪಾಲಿಸಿ ಮಾಡಿಸಬೇಕು. ನಿಮಗೆ ಎರಡು ವರ್ಷ ಕಳೆದಿದೆ, ಇನ್ನು ಸುಮಾರು ಒಂದು ವರ್ಷ ಇದೆ. ದುಬೈನ ವಿಮಾ ಕಂಪನಿಗೆ ಇವತ್ತೇ ಇಮೇಲ್ ಮಾಡಿ, ಪಾಲಿಸಿ ಅವಧಿ ಮತ್ತು ಕ್ಲೈಮ್ ಇಲ್ಲದ ವರ್ಷಗಳನ್ನು ಬರೆದ ಪತ್ರ ತರಿಸಿ. ಅದು ನಿಮ್ಮದೇ ಹೆಸರಲ್ಲಿ, ಪಾಸ್‌ಪೋರ್ಟಿನಲ್ಲಿರುವ ಹಾಗೇ ಇರಲಿ.