ಹೊಟ್ಟೆಯೊಳಗೆ ಬಟ್ಟೆ ಬಿಟ್ಟರೆ ಪರಿಹಾರ ಸಿಗುತ್ತದಾ?

ಪ್ರಶ್ನೆ: ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಆಮೇಲೂ ಹೊಟ್ಟೆನೋವು ಹೋಗಲಿಲ್ಲ. ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಒಳಗೆ ಬಟ್ಟೆ ಉಳಿದಿರುವುದು ಗೊತ್ತಾಯಿತು. ಮತ್ತೆ ಆಪರೇಷನ್. ಈಗ ಮೊದಲಿನವರು ಸ್ವಲ್ಪ ದುಡ್ಡು ಕೊಡ್ತೀವಿ, ಸಹಿ ಹಾಕಿ ಅನ್ನುತ್ತಿದ್ದಾರೆ. ಹಾಕಲಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಈಗಲೇ ಬೇಡ, ಅಕ್ಕಾ. ಆ ಕಾಗದದಲ್ಲಿ 'ಇನ್ನೇನೂ ಕೇಳುವುದಿಲ್ಲ' ಅಂತ ಒಂದು ಸಾಲು ಇದ್ದೇ ಇರುತ್ತದೆ. ವಕೀಲರಿಗೆ ತೋರಿಸಿ.

ಮೊದಲು ಕೇಸ್ ಶೀಟ್‌ನ ನಕಲು ಬರವಣಿಗೆಯಲ್ಲಿ ಕೇಳಿ. 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಅದಕ್ಕಿಂತ ಮುಖ್ಯ, ಮಂಗಳೂರಿನ ಆಪರೇಷನ್ ಟಿಪ್ಪಣಿ. ಏನು ತೆಗೆದರು ಅಂತ ಅದರಲ್ಲಿ ಬರೆದಿರುತ್ತದೆ. ಅಸಲು ಪ್ರತಿ ಯಾರ ಕೈಗೂ ಕೊಡಬೇಡಿ.

ಗುಣವಾಗದ್ದೆಲ್ಲ ವೈದ್ಯರ ತಪ್ಪಲ್ಲ, ನಿಜ. ಆದರೆ ಬಟ್ಟೆ ತಾನಾಗಿ ಹೊಟ್ಟೆ ಸೇರುವುದಿಲ್ಲ ಅಲ್ವಾ? ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಆಸ್ಪತ್ರೆಗೆ ಕಟ್ಟಿದ್ದು 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. 2 ವರ್ಷದ ಗಡುವು ಇದೆ, ಸುಮ್ನೆ ಕಾಯಬೇಡಿ.

ಎರಡೂ ಕಡೆಯ ಬಿಲ್ಲು, ಬಾಡಿಗೆ ಕಾರಿನ ಚೀಟಿ, ನಿಮ್ಮ ಬದಲು ಅಡಿಕೆ ಸುಲಿದವರಿಗೆ ಕೊಟ್ಟ ಕೂಲಿ, ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿ. ಹೆಂಗಸರು ಈ ಕೂಲಿಯನ್ನೇ ಬಿಟ್ಟುಬಿಡುತ್ತಾರೆ!

ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಬರೆಯಬಹುದು. ಅಲ್ಲಿ ವೈದ್ಯರ ಮೇಲೆ ಶಿಸ್ತುಕ್ರಮ ಆಗಬಹುದು, ದುಡ್ಡು ಸಿಗುವುದಿಲ್ಲ.